ನೆಕ್ಕಿ ನೋಡಬಾರದ ಹಿಟ್ಟು

ನಮ್ಮ ಮನೆಯಲ್ಲಿ ಈಸ್ಟರ್ ಕೇಕಿನ ಹಿಟ್ಟನ್ನು ಯಾರೂ ನೆಕ್ಕಿ ನೋಡುವ ಹಾಗಿಲ್ಲ. ಇದು ಅವ್ವನ ಕಾನೂನು. ಹಿಟ್ಟು ಕಲಸುವುದು ಶನಿವಾರ, ಯೇಸು ಸಮಾಧಿಯಿಂದ ಎದ್ದದ್ದು ಭಾನುವಾರ. ಅಂದರೆ ಶನಿವಾರ ಇನ್ನೂ ಲೆಂಟಿನ ಉಪವಾಸ ಮುಗಿದಿರುವುದಿಲ್ಲ. ಆ ನಲವತ್ತು ದಿನ ನಮ್ಮಲ್ಲಿ ಮಾಂಸ ಇಲ್ಲ, ಸಿಹಿ ಇಲ್ಲ, ಚಹಾಕ್ಕೆ ಸಕ್ಕರೆಯೂ ಇಲ್ಲ. ತುಪ್ಪ, ಸಕ್ಕರೆ, ಮೊಟ್ಟೆ ಕೂಡಿಸಿದ ಹಿಟ್ಟನ್ನು ಬೆರಳ ತುದಿಯಿಂದ ನಾಲಿಗೆಗೆ ಹಚ್ಚಿದರೂ ಉಪವಾಸ ಮುರಿದ ಹಾಗೆಯೇ. ಚಿಕ್ಕವಳಿದ್ದಾಗ ಒಮ್ಮೆ ಪಾತ್ರೆಯ ಅಂಚಿಗೆ ಬೆರಳು ಹಾಕಿದ್ದೆ. ಅವ್ವ ಹೊಡೆಯಲಿಲ್ಲ. ಬೆರಳು ಹಿಡಿದುಕೊಂಡು ಹೋಗಿ ಬಚ್ಚಲಲ್ಲಿ ತೊಳೆದು, "ನಾಳಿ ಮುಂಜಾನಿ ತನಕ ತಡಿ," ಎಂದಳು.

ಬೇರೆ ಎಲ್ಲ ಮನೆಯ ಹೆಂಗಸರೂ ರುಚಿ ನೋಡಿ ಅಡಿಗೆ ಇಳಿಸುತ್ತಾರೆ. ನಾವು ಮಾತ್ರ ವರ್ಷದ ದೊಡ್ಡ ಹಬ್ಬದ ಕೇಕನ್ನು ಕಣ್ಣು ಕಟ್ಟಿಕೊಂಡು ಮಾಡಿದ ಹಾಗೆ ಮಾಡುತ್ತೇವೆ. ಅದರ ರುಚಿ ಏನೆಂದು ಭಾನುವಾರ ಬೆಳಿಗ್ಗೆ ಎಲ್ಲರ ಮುಂದೆ ಬಾಯಿಗಿಟ್ಟಾಗಲೇ ಗೊತ್ತಾಗುವುದು. ಈ ಕಾನೂನಿನ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಂಡ ಹೇಳುತ್ತಾನೆ. ಇರಲಿ, ಅದಕ್ಕೆ ಎಲ್ಲಾದರೂ ಒಂದು ಜಾಗ ಬೇಕಲ್ಲ.

ನಾವು ಬೀದರ್ ಕಡೆಯವರು. ಅಲ್ಲಿ ನಮ್ಮ ಓಣಿಯ ಕ್ರೈಸ್ತರೆಲ್ಲ ಹಬ್ಬದ ಹಿಟ್ಟನ್ನು ಮನೆಯಲ್ಲೇ ಕಲಸಿ, ತಗಡಿನ ಟ್ರೇಗಳಲ್ಲಿ ಹುಯ್ದು, ಬೇಕರಿಯ ಕಟ್ಟಿಗೆ ಭಟ್ಟಿಗೆ ಹೊತ್ತುಕೊಂಡು ಹೋಗುತ್ತಿದ್ದರು. ಯಾವ ಟ್ರೇ ಯಾರದೆಂದು ಗೊತ್ತಾಗಲಿ ಅಂತ ಅಪ್ಪ ನಮ್ಮ ಎರಡು ಟ್ರೇಗಳ ಅಂಚಿಗೆ ಮೊಳೆಯಿಂದ ಮೂರು ಚುಕ್ಕೆ ಹೊಡೆದಿದ್ದ. ಮದುವೆಯಾಗಿ ನಾನು ನಾಸಿಕಕ್ಕೆ ಬಂದೆ, ಗಂಡನಿಗೆ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಅಪ್ಪ ತೀರಿಕೊಂಡ ಮೇಲೆ ಅವ್ವ ಒಂದು ಗಂಟು ಸೀರೆ, ತನ್ನ ಬೈಬಲ್ಲು, ಆ ಎರಡು ಟ್ರೇ, ಹೊಟ್ಟೆ ನೆಗ್ಗಿದ ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡು ನನ್ನ ಮನೆಗೆ ಬಂದಳು. ಆ ಡಬ್ಬಿ ಈಸ್ಟರ್ ವಾರದಲ್ಲಿ ಕೇಕಿನ ಸಕ್ಕರೆ ಪುಡಿಗೆ ಮೀಸಲು. ನನ್ನ ತಮ್ಮ ಮತ್ತು ಅವನ ಹೆಂಡತಿ ಇರುವುದು ಸಂಭಾಜಿನಗರದಲ್ಲಿ, ಅವ್ವನ ಬಾಯಲ್ಲಿ ಅದು ಇನ್ನೂ ಔರಂಗಾಬಾದ್. ಪ್ರತಿ ಈಸ್ಟರಿಗೂ ಅವರೇ ನಾಸಿಕಕ್ಕೆ ಬರುತ್ತಿದ್ದರು, ಯಾಕೆಂದರೆ ಅವ್ವ ಇಲ್ಲಿ, ಕೇಕೂ ಇಲ್ಲಿ.

ಅವ್ವ ತಕ್ಕಡಿ ಮುಟ್ಟುವವಳಲ್ಲ. ಸಕ್ಕರೆಗೆ ಅವಳದೇ ಒಂದು ಲೋಟ, ರವೆಗೆ ಇನ್ನೊಂದು, ತುಪ್ಪಕ್ಕೆ ಅವಳ ಅಂಗೈ. ಒಂದು ಕಣ್ಣಿನ ಪೊರೆ ತೆಗೆಸಿದ್ದಾಯಿತು, ಇನ್ನೊಂದನ್ನು ತೆಗೆಸಲು ಒಲ್ಲೆ ಎನ್ನುತ್ತಾಳೆ. ಕೈಗೆ ಗೊತ್ತಿದ್ದದ್ದಕ್ಕೆ ಕಣ್ಣು ಯಾಕೆ ಬೇಕು ಎಂಬುದು ಅವಳ ವಾದ. ನಾನು ಹಟಕ್ಕೆ ಬಿದ್ದು ಒಂದು ಅಡಿಗೆಮನೆ ತಕ್ಕಡಿ ತಂದೆ. ಅದು ಈಗ ನನ್ನ ಮಗಳ ಓಟ್ಸ್ ತೂಗುತ್ತದೆ. ಮಗಳು ಕಾಲೇಜಿಗೆ ಹೋಗುವವಳು, ನಾಸಿಕದಲ್ಲೇ ಹುಟ್ಟಿದವಳು. ಕನ್ನಡ ಪೂರಾ ತಿಳಿಯುತ್ತದೆ, ಮಾತಾಡುವಾಗ ಮಾತ್ರ ಅರ್ಧ ದಾರಿಯಲ್ಲಿ ಮರಾಠಿ ಹಿಡಿಯುತ್ತಾಳೆ.

ಹೋದ ವರ್ಷದ ಈಸ್ಟರ್ ಕತೆ ಹೇಳದೆ ಈ ವರ್ಷದ್ದು ಹೇಳಲು ಬರುವುದಿಲ್ಲ.

ಹೋದ ವರ್ಷ ಶನಿವಾರ ಅವ್ವ ಎಂದಿನಂತೆ ನೆಲದ ಮೇಲೆ ಕಾಲು ಚಾಚಿ ಕೂತು, ದೊಡ್ಡ ಪಾತ್ರೆಯಲ್ಲಿ ತುಪ್ಪ ಹಾಕಿ, ತನ್ನ ನೆಗ್ಗಿದ ಡಬ್ಬಿಯಿಂದ ಪುಡಿ ಸುರಿದುಕೊಂಡು ಕೈಯಿಂದ ತಿಕ್ಕಲು ಶುರು ಮಾಡಿದಳು. ನಾನು ಪಕ್ಕದಲ್ಲಿ ಮೊಟ್ಟೆ ಒಡೆಯುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವಳ ಕೈ ನಿಂತಿತು.

"ಈ ಸಲ ಕೈಗಿ ಬ್ಯಾರೆ ಹತ್ಲಾಕತ್ತದ," ಎಂದಳು. "ತುಪ್ಪ ಹಗುರ ಆಗವಲ್ದು."

"ಹೊಸ ಮಿಕ್ಸರ್ ಅವ್ವಾ. ಸಣ್ಣಗ ಬೀಸ್ಯದ, ಅದಕ್ಕ," ಎಂದೆ.

"ಸಣ್ಣ ಇಲ್ಲ, ಉರುಟ ಅದ."

"ಒಂದ್ ಹನಿ ನೆಕ್ಕಿ ನೋಡಿದ್ರ ಮುಗೀತದ. ಅದಕ್ಕೂ ಒಲ್ಲಿ ಅಂತಿ. ಮತ್ತ ಏನ್ ಮಾಡಬೇಕು ನಾ?"

ಅವ್ವ ಮತ್ತೆ ತಿಕ್ಕತೊಡಗಿದಳು. ಆ ಸಂಜೆ ಟ್ರೇಗಳು ನಮ್ಮ ಖಾಯಂ ಬೇಕರಿಯ ಭಟ್ಟಿಗೆ ಹೋಗಿ, ಮೇಲೆ ಕಂದು ಬಣ್ಣ ಬಂದು, ಮನೆ ಸೇರಿದವು. ನೋಡಲು ಚೆನ್ನಾಗಿಯೇ ಇದ್ದವು, ಸ್ವಲ್ಪ ಕೂತಿದ್ದವು ಅಷ್ಟೆ.

ಭಾನುವಾರ ಬೆಳಗಿನ ಜಾವ ಸಮಾಧಿ ಸ್ಥಳದಲ್ಲಿ ಆರಾಧನೆ ಮುಗಿಸಿ ಬಂದು ಎಲ್ಲರೂ ಮೇಜಿನ ಸುತ್ತ ಕೂತೆವು. ಇನ್ನೊಂದು ಪದ್ಧತಿ ಇಲ್ಲಿ ಹೇಳಬೇಕು. ನಲವತ್ತು ದಿನ ಒಂದು ಸಲವೂ ತಪ್ಪದೆ ಉಪವಾಸ ಹಿಡಿದವರಿಗೆ ಕೇಕಿನ ಮೊದಲ ತುಂಡು. ಅಂಥವರು ಇಬ್ಬರಿದ್ದರೆ ಹಿರಿಯರಿಗೆ. ಅವರು ತಿಂದ ಮೇಲೆ ಉಳಿದವರು. ನನಗೆ ಬುದ್ಧಿ ಬಂದಾಗಿನಿಂದ ಆ ತುಂಡು ಅವ್ವನದೇ. ಅಪ್ಪ ಇದ್ದಾಗಲೂ ಅವಳದೇ, ಅಪ್ಪನಿಗೆ ಮೂರನೇ ವಾರಕ್ಕೆ ಎಲ್ಲಾದರೂ ಒಂದು ಪೇಢೆ ಕಣ್ಣಿಗೆ ಬೀಳುತ್ತಿತ್ತು. ಅವ್ವ ಪ್ರಾರ್ಥನೆ ಮಾಡಿ ತುಂಡನ್ನು ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು. ಏನೂ ಹೇಳಲಿಲ್ಲ. ನಮ್ಮ ಕಡೆ ನೋಡಲೂ ಇಲ್ಲ. ಆಮೇಲೆ ತಮ್ಮ ಒಂದು ದೊಡ್ಡ ತುಂಡು ಬಾಯಿಗೆ ಹಾಕಿಕೊಂಡವನು ಬಚ್ಚಲಿಗೆ ಓಡಿದ.

ಬರೀ ಉಪ್ಪು. ಸಕ್ಕರೆಯ ಜಾಗದಲ್ಲಿ ಪೂರ್ತಿ ಉಪ್ಪು.

ನನಗೆ ಮೈಯೆಲ್ಲ ಉರಿದುಹೋಯಿತು. ಹದಿನೈದು ಮೊಟ್ಟೆ, ಎರಡು ದಿನದ ದುಡಿಮೆ, ನಲವತ್ತು ದಿನ ಕಹಿ ಚಹಾ. ಉಪ್ಪಿನಕಾಯಿಗೆಂದು ನಾನು ಕಲ್ಲುಪ್ಪು ಒಣಗಿಸಿ ಬೀಸಿಟ್ಟಿದ್ದೆ, ಅವ್ವ ಅದನ್ನೇ ಎತ್ತಿಕೊಂಡಿದ್ದಾಳೆ ಎಂದು ಆ ಕ್ಷಣವೇ ತೀರ್ಪು ಕೊಟ್ಟೆ. ತಮ್ಮ, ಅವನ ಹೆಂಡತಿ, ನನ್ನ ಗಂಡ, ಮಗಳು, ಎಲ್ಲರೂ ಇದ್ದರು.

"ಕಣ್ಣು ಕಾಣಲ್ಲ ಅಂತ ಒಪ್ಕೋಬಾರದೇನು ಅವ್ವಾ? ಎಷ್ಟ್ ಸಲ ಹೇಳೀನಿ, ನಾ ಅಳೀತೀನಿ ಅಂತ? ಉಪ್ಪು ಸಕ್ಕರಿ ಗೊತ್ತಾಗಲ್ಲ ಅಂದ್ರ ಇನ್ನ ಒಲಿ ಮುಂದ ಬರಬ್ಯಾಡ. ನಾಳಿ ಏನರೆ ವಿಷ ಹಾಕ್ತಿ."

ವಿಷ ಎಂದೆ. ಅದು ನನ್ನ ಬಾಯಿಂದಲೇ ಬಂತು, ಈಸ್ಟರ್ ಬೆಳಿಗ್ಗೆ.

"ತಪ್ಪಾತು," ಎಂದಳು ಅವ್ವ. ಅಷ್ಟು ಹೇಳಿ ತನ್ನ ತಟ್ಟೆಯಲ್ಲಿದ್ದ ತುಂಡನ್ನು ಪೂರ್ತಿ ತಿಂದು ನೀರು ಕುಡಿದಳು. ತಮ್ಮ ಹೊರಗೆ ಹೋಗಿ ಅಂಗಡಿಯಿಂದ ಗುಲಾಬಿ ಕ್ರೀಮಿನ ಕೇಕೊಂದನ್ನು ತಂದ. ಅದರ ಮೇಲೆ ಯಾರದೋ ಹುಟ್ಟುಹಬ್ಬಕ್ಕೆ ಬರೆದ ಅಕ್ಷರ ಕೆರೆದು ತೆಗೆದ ಗುರುತಿತ್ತು. ನಾನು ಆ ಎರಡು ಟ್ರೇಗಳನ್ನು ತೊಳೆದು ಅಡಿಗೆಮನೆಯ ಅಟ್ಟದ ಒಳಕ್ಕೆ, ಕಣ್ಣೆತ್ತಿಯೂ ನೋಡದೆ, ರಪ್ಪನೆ ತಳ್ಳಿಬಿಟ್ಟೆ. ಹಾಗಾದರೆ ಬೀಸಿಟ್ಟ ಸಕ್ಕರೆ ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಸಿಟ್ಟಿನಲ್ಲಿದ್ದಾಗ ಇಂಥ ಸಣ್ಣ ಪ್ರಶ್ನೆ ಹೊಳೆಯುವುದಿಲ್ಲ.

ಆ ದಿನದಿಂದ ಅವ್ವ ಬದಲಾದಳು. ಅಡಿಗೆಮನೆಗೆ ಬರುವುದನ್ನು ಬಿಡಲಿಲ್ಲ, ಬಿಟ್ಟಿದ್ದರೆ ಒಂದು ಲೆಕ್ಕಕ್ಕೆ ಚೆನ್ನಾಗಿತ್ತು. ಬೇಳೆಗೆ ಉಪ್ಪು ಹಾಕಬೇಕಾದರೂ ಡಬ್ಬಿ ಹಿಡಿದುಕೊಂಡು ನಾನು ಎಲ್ಲಿದ್ದರೆ ಅಲ್ಲಿಗೆ ಬರುತ್ತಿದ್ದಳು. "ಇದು ಉಪ್ಪೇನು, ನೋಡು." ನಾನು ಫೋನಿನಲ್ಲಿದ್ದರೂ, ಬಟ್ಟೆ ಒಣಹಾಕುತ್ತಿದ್ದರೂ, ಬಚ್ಚಲ ಬಾಗಿಲ ಹೊರಗೆ ನಿಂತಾದರೂ. "ಇದು ಉಪ್ಪೇನು, ನೋಡು." ಮುಟ್ಟಿದರೆ ಗೊತ್ತಾಗುವ ಹಿಟ್ಟಿಗೂ, ಮೂಸಿದರೆ ತಿಳಿಯುವ ಜೀರಿಗೆಗೂ ಅದೇ ಕತೆ. ಮೊದಲ ವಾರ ನಾನು ಗೆದ್ದೆ ಎಂದುಕೊಂಡೆ. ತಿಂಗಳಾಗುವಷ್ಟರಲ್ಲಿ ತಲೆ ಕೆಟ್ಟುಹೋಯಿತು. ಬೇಕೆಂದೇ ಮಾಡುತ್ತಾಳೆ, ನನ್ನನ್ನು ಕುಟುಕಲು ಮಾಡುತ್ತಾಳೆ ಎಂದು ಗಂಡನ ಮುಂದೆ ಒದರಾಡಿದೆ. "ಉಪ್ಪೇ ಅದ, ಹಾಕ್," ಎಂದು ತಿರುಗಿಯೂ ನೋಡದೆ ಹೇಳುವುದನ್ನು ಕಲಿತೆ. ಅವಳು ಆಗಲೂ ಹಾಕುತ್ತಿರಲಿಲ್ಲ, ತಿರುಗಿ ನೋಡುವ ತನಕ ಡಬ್ಬಿ ಚಾಚಿಕೊಂಡೇ ನಿಲ್ಲುತ್ತಿದ್ದಳು. ಒಂದು ವರ್ಷ ಪೂರ್ತಿ ಹೀಗೆ.

ಈ ವರ್ಷ ಲೆಂಟ್ ಅರ್ಧಕ್ಕೆ ಬಂದಾಗ ತಮ್ಮ ಫೋನ್ ಮಾಡಿ, ಈಸ್ಟರ್ ತನ್ನ ಮನೆಯಲ್ಲೇ ಆಗಲಿ ಎಂದ. ಹೊಸ ಫ್ಲಾಟು, ಕರೆಂಟಿನ ಓವನ್ ಕೂಡ ಇದೆ. ಅವನ ಹೆಂಡತಿ ಫೋನ್ ಕಸಿದುಕೊಂಡು, "ಅಕ್ಕಾ, ಕೇಕು ತಯಾರ್ ಪ್ಯಾಕೆಟ್ ಸಿಗ್ತದರಿ, ಬರೇ ಹಾಲು ಹಾಕಿದ್ರ ಆತು. ಅತ್ತಿಯವರಿಗಿ ತ್ರಾಸ್ ಬ್ಯಾಡ," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಆದರೂ ನನಗೆ ಚುರ್ರೆಂದಿತು. ಫೋನ್ ಸ್ಪೀಕರಿನಲ್ಲಿತ್ತು. ಅವ್ವ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

ನನ್ನ ಮಗಳು ಮಾತ್ರ ಸುಮ್ಮನೆ ಬಿಡಲಿಲ್ಲ. "ಆಜಿ, ತೂಚ್ ಕರ್. ಪ್ಯಾಕೆಟ್ ಕೇಕ್ ನಕೋ. ನಿಂದೇ ಪಾಹಿಜೆ," ಅಂದರೆ ನೀನೇ ಮಾಡು, ನಿನ್ನದೇ ಬೇಕು ಎಂದು ಅವಳ ಮಂಡಿಯ ಮೇಲೆ ಗದ್ದ ಇಟ್ಟು ಕೂತಳು. ಎರಡು ದಿನ ಕಾಡಿದ ಮೇಲೆ ಅವ್ವ ಒಪ್ಪಿದಳು, ಅದೂ ಒಂದು ಷರತ್ತಿನ ಮೇಲೆ. "ನಿಮ್ಮವ್ವ ಅಳೀಲಿ. ನಾ ಬರೇ ಕಲಸ್ತೀನಿ. ಡಬ್ಬಿ ಮುಟ್ಟಲ್ಲ."

ಟ್ರೇ ಇಳಿಸಲು ಗುರುವಾರ ಮಧ್ಯಾಹ್ನ ಸ್ಟೂಲ್ ಹಾಕಿಕೊಂಡು ಅಟ್ಟಕ್ಕೆ ಕೈ ಹಾಕಿದೆ. ಒಂದು ಬಂತು. ಎರಡನೆಯದು ಯಾವುದಕ್ಕೋ ತಗುಲಿ ಬರಲೊಲ್ಲದು. ಎಳೆದು ಎಳೆದು ಬೈದು ಕೊನೆಗೆ ಟಾರ್ಚು ಹಾಕಿ ನೋಡಿದರೆ, ಹಿಂದೆ ಮೂಲೆಯಲ್ಲಿ ಬಿಗಿ ಮುಚ್ಚಳದ ಒಂದು ಗಾಜಿನ ಬರಣಿ. ಇಳಿಸಿದೆ. ಭಾರವಿತ್ತು. ಒಳಗೆ ಬಿಳಿಯದು ಏನೋ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಹೊರಗೆ ಅಂಟಿಸಿದ ಚೀಟಿಯ ಮೇಲೆ ನನ್ನದೇ ಅಕ್ಷರ: ಕೇಕಿನ ಸಕ್ಕರೆ.

ನಾನು ಸ್ಟೂಲಿನ ಮೇಲೆಯೇ ಕೂತುಬಿಟ್ಟೆ.

ಆಮೇಲೆ ಒಂದೊಂದೇ ನೆನಪಾಯಿತು. ಹೋದ ವರ್ಷ ಗುರುವಾರ ಸಕ್ಕರೆ ಬೀಸಿ ಅವ್ವನ ಕಣ್ಣೆದುರಿಗೇ ಅವಳ ಡಬ್ಬಿಗೆ ತುಂಬಿದ್ದೆ. ಶುಕ್ರವಾರ ಬೆಳಿಗ್ಗೆ ಡಬ್ಬಿಯ ಸುತ್ತ ಇರುವೆ ಸಾಲು. ಅವ್ವ ಚರ್ಚಿಗೆ ಹೊರಡಲು ಸೀರೆ ಉಡುತ್ತಿದ್ದಳು. ನಾನು ಸಕ್ಕರೆಯನ್ನು ಈ ಬರಣಿಗೆ ಸುರಿದು, ಚೀಟಿ ಅಂಟಿಸಿ, ಇರುವೆಗೆ ಸಿಗದ ಹಾಗೆ ಅಟ್ಟಕ್ಕೆ ಏರಿಸಿದೆ. ಡಬ್ಬಿ ಒರೆಸಿಟ್ಟೆ. ಸಂಜೆ ಮಾಳಿಗೆಯ ಮೇಲೆ ಒಣಗಿದ್ದ ಕಲ್ಲುಪ್ಪನ್ನು ತಂದು ಬೀಸಿದೆ, ಮಾವಿನಕಾಯಿ ಹೆಚ್ಚುವ ಅವಸರ ಬೇರೆ. ಖಾಲಿ ಡಬ್ಬಿ ಕೈಗೆ ಸಿಕ್ಕಿತು, ಸದ್ಯಕ್ಕೆ ಇರಲಿ ಎಂದು ಅದರಲ್ಲಿ ಹಾಕಿದೆ. ಯಾರಿಗೂ ಹೇಳಲಿಲ್ಲ. ಮರೆತೇಬಿಟ್ಟೆ. ಶನಿವಾರ ಅವ್ವ ತನ್ನ ಡಬ್ಬಿಯನ್ನೇ ತೆಗೆದುಕೊಂಡಿದ್ದಳು. ಅವಳ ಕೈ ತಪ್ಪಿರಲಿಲ್ಲ. ತಪ್ಪಿರಲಿಲ್ಲ ಅಷ್ಟೇ ಅಲ್ಲ, ಅವಳ ಕೈ ನನಗೆ ಬಾಯಿ ಬಿಟ್ಟು ಹೇಳಿತ್ತು, ಬೇರೆ ಹತ್ತುತ್ತಿದೆ ಎಂದು. ನಾನು ತಪ್ಪನ್ನು ಮಿಕ್ಸರಿನ ಮೇಲೆ ಹಾಕಿದ್ದೆ.

ಇರುವೆಯ ಮೇಲೆ ಸಿಟ್ಟು ಬಂತು. ಆ ಚೀಟಿಯ ಮೇಲೆ, ಮಾವಿನಕಾಯಿಯ ಮೇಲೆ, ನೆಕ್ಕಿ ನೋಡಬಾರದೆಂಬ ಕಾನೂನಿನ ಮೇಲೆ ಸಿಟ್ಟು ಬಂತು. ಎಲ್ಲ ಸುತ್ತಿ ಸುತ್ತಿ ಕೊನೆಗೆ ನನ್ನ ಮೇಲೆಯೇ ಬಂತು, ಅಲ್ಲಿಂದ ಅದಕ್ಕೆ ಹೋಗಲು ಬೇರೆ ಜಾಗ ಇರಲಿಲ್ಲ. ಒಳಗಿನಿಂದ ಅವ್ವ, "ಏನ್ ಸಿಕ್ಕಿತು?" ಎಂದು ಕೇಳಿದಳು. "ಏನಿಲ್ಲ, ಹಳೀ ಬರಣಿ," ಎಂದೆ. ಬರಣಿಯನ್ನು ಮತ್ತೆ ಅಟ್ಟದ ಮೂಲೆಗೇ ಇಟ್ಟೆ.

ಹೇಳಬೇಕಿತ್ತು. ಹತ್ತು ಹೆಜ್ಜೆ ನಡೆದು ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಎಲ್ಲರ ಮುಂದೆ ಆಡಿದ ಮಾತನ್ನು ಇಬ್ಬರೇ ಇರುವಾಗ ಹಿಂದಕ್ಕೆ ತೆಗೆದುಕೊಂಡರೆ ಅದು ಮೋಸ, ತಮ್ಮನ ಮನೆಯಲ್ಲಿ ಎಲ್ಲರೂ ಸೇರಿದಾಗ ಹೇಳುತ್ತೇನೆ ಎಂದು ನನಗೆ ನಾನೇ ಸಮಜಾಯಿಸಿ ಕೊಟ್ಟುಕೊಂಡೆ. ಅದು ಬರೀ ನೆಪ. ತಮ್ಮನ ಹೆಂಡತಿಯ ಮುಂದೆ ಮುಖ ಸಣ್ಣದು ಮಾಡಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಗುಡ್ ಫ್ರೈಡೇ ದಿನ ಚರ್ಚಿನಲ್ಲಿ ಮೂರು ಗಂಟೆ ಕೂತಿದ್ದೆ. ಪಾಸ್ಟರ್ ಮರಾಠಿಯಲ್ಲಿ ಕ್ಷಮೆಯ ಬಗ್ಗೆ ಏನೇನೋ ಹೇಳಿದರು. ನನ್ನ ಕಿವಿಗೆ ಒಂದೂ ಬೀಳಲಿಲ್ಲ.

ಶನಿವಾರ ಬೆಳಿಗ್ಗೆ ಎಂಟರ ಸರ್ಕಾರಿ ಎಸ್‌ಟಿ ಬಸ್ಸು. ಗಂಡನಿಗೆ ಪಾಳಿ ಇತ್ತು, ನಾವು ಮೂವರೇ ಹೊರಟೆವು. ಅವ್ವ ಕಿಟಕಿ ಪಕ್ಕ, ಟ್ರೇಗಳ ಗಂಟು ಅವಳ ತೊಡೆಯ ಮೇಲೆ. ಕೊಡು ಎಂದರೆ ಕೊಡಲಿಲ್ಲ. ಮಗಳು ಹಿಂದಿನ ಸೀಟಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಮಲಗಿದ್ದಳು. ನಿಫಾಡ್ ದಾಟುವಾಗ ಎರಡೂ ಬದಿಗೆ ದ್ರಾಕ್ಷಿ ತೋಟ, ಕೊಯ್ಲು ಮುಗಿದು ಬಳ್ಳಿ ಕತ್ತರಿಸುವ ಹೆಂಗಸರು. ಈಗಲೇ ಹೇಳಿಬಿಡೋಣ ಎಂದು ಬಾಯಿ ತೆರೆದೆ.

"ಅವ್ವಾ, ಹೋದ ವರ್ಷ ಕೇಕು..."

ಅವಳು ನನ್ನ ಕಡೆ ತಿರುಗಲಿಲ್ಲ. "ಹೋದ ವರ್ಷದ್ದು ಬ್ಯಾಡ ಬಿಡವ್ವಾ," ಎಂದಳು. "ನಾ ಅಳಿಯಲ್ಲ ಅಂತ ಹೇಳೀನಲ್ಲ. ಇನ್ನ ಎಷ್ಟ್ ಸಲ ತಪ್ಪಾತು ಅನ್ಲಿ?"

ಸ್ವಲ್ಪ ಹೊತ್ತಿಗೆ ಕಂಡಕ್ಟರ್ ಚಿಲ್ಲರೆ ಕೊಡದ್ದಕ್ಕೆ ಅವನ ಜೊತೆ ಕಾಲು ಕೆದರಿ ಜಗಳ ತೆಗೆದೆ. ಯೇವಲೆ ಊರು ಬರುವ ತನಕ ಅದೇ ಆಯಿತು.

ತಮ್ಮನ ಮನೆ ಮುಟ್ಟಿ ಅರ್ಧ ಗಂಟೆಯಲ್ಲಿ ಗೊತ್ತಾದದ್ದು, ನಮ್ಮ ಟ್ರೇ ಅವನ ಓವನಿನಲ್ಲಿ ಹಿಡಿಸುವುದಿಲ್ಲ. ಉದ್ದಕ್ಕೆ ಇಟ್ಟು ನೋಡಿದ, ಅಡ್ಡಕ್ಕೆ ಇಟ್ಟು ನೋಡಿದ, ಬಾಗಿಲು ಮುಚ್ಚಲು ಒಲ್ಲದು. ಅಳತೆ ಕೇಳಿ ಫೋನಿನಲ್ಲಿ ಎರಡು ಸಲ ಮೆಸೇಜು ಹಾಕಿದ್ದೆ, ದೊಡ್ಡದದ ದೊಡ್ಡದದ ಎಂದು ಉತ್ತರ ಬಂದಿತ್ತು. ದೊಡ್ಡದು ಎಂದರೆ ಎಷ್ಟು ಎಂದು ಈ ಗಂಡಸರಿಗೆ ಯಾರು ಕಲಿಸಬೇಕು. ಅವನ ಹೆಂಡತಿ ಮೆಲ್ಲಗೆ, "ಪ್ಯಾಕೆಟ್ ಮನ್ಯಾಗ ಅದರಿ ಅಕ್ಕಾ," ಎಂದಳು. ನಾನು ನೋಡಿದ ನೋಟಕ್ಕೆ ಆಕೆ ಈರುಳ್ಳಿ ಸುಲಿಯಲು ಹೋದಳು. ತಮ್ಮ ಹತ್ತು ಕಡೆ ಫೋನ್ ಹಚ್ಚಿ, ಹಳೇ ಊರಿನ ಕೋಟೆ ದರವಾಜೆಯೊಂದರ ಒಳಗೆ ನಾನ್‌ಖಟಾಯಿ ಬಿಸ್ಕತ್ತಿನ ಭಟ್ಟಿ ಇರುವುದನ್ನು ಪತ್ತೆ ಮಾಡಿದ. ನಾಲ್ಕರ ಒಳಗೆ ತಂದರೆ ಇಡುತ್ತೇನೆ, ಆಮೇಲೆ ನಮ್ಮದೇ ಮಾಲು ಎಂದನಂತೆ ಭಟ್ಟಿಯವನು. ಆಗಲೇ ಎರಡು ದಾಟಿತ್ತು.

ಹೊಸ ಅಡಿಗೆಮನೆಯ ನುಣುಪು ನೆಲದ ಮೇಲೆ ಅವ್ವ ಕಾಲು ಚಾಚಿ ಕೂತಳು. ನಾನು ಅವಳ ಕಣ್ಣೆದುರಿಗೇ ಸಕ್ಕರೆಯ ಹೊಸ ಚೀಲ ಕತ್ತರಿಸಿ, ಬೀಸಿ, ಅವಳ ಲೋಟದಿಂದಲೇ ಅಳೆದು ಸುರಿದೆ. ಅವಳು ತುಪ್ಪದಲ್ಲಿ ತಿಕ್ಕತೊಡಗಿದಳು. ಹತ್ತು ನಿಮಿಷಕ್ಕೆ ತುಪ್ಪ ಬೆಣ್ಣೆಯ ಹಾಗೆ ಬೆಳ್ಳಗೆ ಹಗುರಾಯಿತು. ರವೆ ಬಿತ್ತು, ಮೈದಾ ಬಿತ್ತು, ಮೊಟ್ಟೆ ಬಿತ್ತು, ಏಲಕ್ಕಿ ಬಿತ್ತು. "ಟ್ರೇ ತಾ," ಎಂದಳು. ಟ್ರೇಗಳನ್ನು ತೊಳೆದು ಬಾಲ್ಕನಿಯ ಬಿಸಿಲಿಗೆ ಇಟ್ಟಿದ್ದೆ. ತರಲು ಹೋದೆ.

ತಿರುಗಿ ಬಂದು ಬಾಲ್ಕನಿ ಬಾಗಿಲಲ್ಲಿ ನಿಂತಾಗ ಅವ್ವನ ಬೆನ್ನು ನನ್ನ ಕಡೆಗಿತ್ತು. ಅವಳು ಒಂದು ಸಲ ನಡುಮನೆಯ ಕಡೆ ನೋಡಿದಳು, ಅಲ್ಲಿ ಯಾರೂ ಇರಲಿಲ್ಲ. ಬಲಗೈಯ ಬೆರಳ ತುದಿಯನ್ನು ಹಿಟ್ಟಿನಲ್ಲಿ ಅದ್ದಿ, ಬಾಯಿಗಿಟ್ಟುಕೊಂಡಳು.

ಕೈಯಲ್ಲಿದ್ದ ಟ್ರೇ ಬಾಗಿಲಿಗೆ ಬಡಿಯಿತು. ಅವ್ವ ತಿರುಗಿ ನೋಡಿದಳು, ಬೆರಳು ಇನ್ನೂ ತುಟಿಯ ಹತ್ತಿರವೇ ಇತ್ತು. ಅಡಗಿಸಲಿಲ್ಲ.

"ಸಿಹಿ ಅದ," ಎಂದಳು. "ಸಕ್ಕರಿನೇ."

"ಅವ್ವಾ, ಉಪವಾಸ?"

"ಹೋದ್ರ ನಂದೊಂದೇ ಹೋಗ್ತದ. ಮತ್ತೊಂದ್ ಸಲ ಎಲ್ಲರ ಬಾಯಿ ಕೆಡಬಾರದಲ್ಲ." ಸೆರಗಿನಿಂದ ಬೆರಳು ಒರೆಸಿಕೊಂಡಳು. "ನಿನ್ನ ಮ್ಯಾಲೆ ಇಶ್ವಾಸ ಇಲ್ಲ ಅಂತಲ್ಲ. ಇದು ನನ್ನ ಕೈಯಾಗ ಕಲಸಿದ್ದು. ನನ್ನ ಕೈ ಮ್ಯಾಲೆ ನನಗ ಇಶ್ವಾಸ ಇಲ್ಲ."

ಆಗ ಹೇಳಬಹುದಿತ್ತು. ಕೆಳಗಿನಿಂದ ತಮ್ಮ ಹಾರ್ನ್ ಹೊಡೆಯತೊಡಗಿದ, ಮೂರೂವರೆ ಆಯಿತು ಎಂದು ಮಗಳು ಕೂಗಿದಳು, ಹಿಟ್ಟು ಟ್ರೇಗಳಿಗೆ ಬಿತ್ತು, ಅವು ಮೆಟ್ಟಿಲು ಇಳಿದು ಹೋದವು. ನಾನು ಪಾತ್ರೆ ತಿಕ್ಕುತ್ತ ನಿಂತೆ. ಎರಡು ದಿನ ಮೊದಲು ಅಟ್ಟದಿಂದ ಇಳಿದ ತಕ್ಷಣ ಹೇಳಿದ್ದರೆ ಆ ಬೆರಳು ಪಾತ್ರೆಗೆ ಹೋಗುತ್ತಿರಲಿಲ್ಲ. ಮದುವೆಯಾದ ವರ್ಷದಿಂದ ಹಿಡಿದುಕೊಂಡು ಬಂದದ್ದನ್ನು, ಎರಡು ಹೆರಿಗೆಯಲ್ಲೂ ಅಪ್ಪ ಸತ್ತ ವರ್ಷವೂ ಬಿಡದ್ದನ್ನು, ನನ್ನ ಎರಡು ದಿನದ ಹೇಡಿತನಕ್ಕೆ ಅವಳು ಬಿಟ್ಟುಕೊಟ್ಟಳು. ಪಾತ್ರೆಯ ತಳ ಹರಿಯುವ ಹಾಗೆ ತಿಕ್ಕಿದೆ. ತಮ್ಮನ ಹೆಂಡತಿ ಬಂದು, "ಸಾಕ್ರಿ ಅಕ್ಕಾ, ಅದು ನಾನ್‌ಸ್ಟಿಕ್ ಅದ," ಎಂದಳು.

ಭಾನುವಾರ ಬೆಳಗಿನ ಜಾವ ಛಾವಣಿ ಎಂಬ ಕಂಟೋನ್ಮೆಂಟ್ ಕಡೆಯ ಸಮಾಧಿ ಸ್ಥಳಕ್ಕೆ ಹೋದೆವು. ಮೇಣದ ಬತ್ತಿ, ಚೆಂಡುಹೂವು, ಹೊಸ ಬಟ್ಟೆ ಹಾಕಿದ ಮಕ್ಕಳು. ಬೆಳಕು ಹರಿಯುವಾಗ ಯೇಸು ಎದ್ದಿದ್ದಾನೆ ಎಂದು ಎಲ್ಲರೂ ಮರಾಠಿಯಲ್ಲಿ ಹೇಳಿದರು, ಅವ್ವ ಕನ್ನಡದಲ್ಲಿ ಹೇಳಿದಳು. ಮನೆಗೆ ಬಂದು ಮೇಜಿನ ಸುತ್ತ ಕೂತೆವು. ಕೇಕು ಉಬ್ಬಿ, ನಡುವೆ ಸ್ವಲ್ಪ ಬಿರಿದು, ಭಟ್ಟಿಯ ಹೊಗೆ ವಾಸನೆ ಹಿಡಿದುಕೊಂಡು ಕೂತಿತ್ತು. ಟ್ರೇಯ ಅಂಚಿನಲ್ಲಿ ಅಪ್ಪನ ಮೂರು ಚುಕ್ಕೆ. ತಮ್ಮ ಕೊಯ್ದು ಮೊದಲ ತುಂಡನ್ನು ತಟ್ಟೆಗಿಟ್ಟು ಅವ್ವನ ಮುಂದೆ ಸರಿಸಿದ.

ಅವ್ವ ಪ್ರಾರ್ಥನೆ ಮಾಡಿದಳು. ಆಮೆನ್ ಅಂದು ಕಣ್ಣು ತೆರೆದು, ಆ ತಟ್ಟೆಯನ್ನು ನನ್ನ ಮುಂದಕ್ಕೆ ತಳ್ಳಿದಳು.

"ಈ ಸಲ ಇದು ನಂದಲ್ಲ. ನಿನ್ನಿ ನಾಲಿಗಿಗಿ ಹಚ್ಚೀನಿ. ಇಕಿ ನಲವತ್ತು ದಿನಾ ಪೂರಾ ಹಿಡದಾಳ. ಇಕಿದು."

ತಮ್ಮ ನಗುವುದೋ ಬೇಡವೋ ಎಂದು ನನ್ನ ಮುಖ ನೋಡಿದ. ಹೌದು, ನಾನು ಪೂರಾ ಹಿಡಿದಿದ್ದೆ. ಒಂದು ಚಿಟಿಕೆ ಸಕ್ಕರೆ ಬಾಯಿಗಿಟ್ಟಿರಲಿಲ್ಲ. ಹಿಡಿದು ಏನು ಮಾಡಿದ ಹಾಗಾಯಿತು. ಆ ತುಂಡು ನನ್ನ ಕಣ್ಣ ಮುಂದೆ ಕೂತಿತ್ತು, ಇನ್ನು ಸುಮ್ಮನಿದ್ದರೆ ಅದನ್ನು ತಿನ್ನಬೇಕಾಗುತ್ತಿತ್ತು.

"ಹೋದ ವರ್ಷ ಉಪ್ಪು ಹಾಕಿದ್ದು ಅವ್ವ ಅಲ್ಲ," ಎಂದೆ. ಇರುವೆ, ಬರಣಿ, ಅಟ್ಟ, ಕಲ್ಲುಪ್ಪು, ಎಲ್ಲವನ್ನೂ ಹೇಳಿದೆ. ಚೀಟಿಯ ಮೇಲೆ ನನ್ನ ಅಕ್ಷರ ಇದ್ದದ್ದನ್ನು ಹೇಳಿದೆ. ಗುರುವಾರವೇ ಗೊತ್ತಾಗಿತ್ತು ಎಂಬುದನ್ನೂ ಹೇಳಿದೆ. ಅದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮಗಳು, "ಆಯೀ," ಎಂದು ಮೆಲ್ಲಗೆ ಅಂದು ಬಾಯಿ ಮುಚ್ಚಿಕೊಂಡಳು. ತಮ್ಮನ ಹೆಂಡತಿ ತನ್ನ ತಟ್ಟೆ ನೋಡಿಕೊಂಡು ಕೂತಳು, ಮುಖದಲ್ಲಿ ಗೆದ್ದ ಕಳೆ ಏನೂ ಇರಲಿಲ್ಲ. ನಾನು ಸುಮ್ಮನೆ ಆಕೆಗೆ ಹೆದರಿದ್ದೆ.

ಅವ್ವ ಮೇಜಿನ ಮೇಲಿದ್ದ ತನ್ನ ಬಲಗೈ ನೋಡಿಕೊಂಡಳು.

"ಅಂದ್ರ ಅವತ್ತು ನಾ ಡಬ್ಬಿ ಸರೀನೇ ತಗೊಂಡಿದ್ದೆ?" ಎಂದು ಕೇಳಿದಳು.

"ಸರೀನೇ ತಗೊಂಡಿದ್ದಿ."

"ಕೈಗಿ ಬ್ಯಾರೆ ಹತ್ತಿದ್ದೂ ಖರೇನೇ?"

"ಖರೇನೇ ಅವ್ವಾ."

ಬಲಗೈಯನ್ನು ಮೇಜಿನ ಮೇಲಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. "ಒಂದ್ ವರ್ಷ," ಎಂದಳು. "ಒಂದ್ ವರ್ಷ ನಾ ಪ್ರತಿ ಡಬ್ಬಿ ತಂದು ನಿನಗ..." ಬೈದಿದ್ದರೆ ಚೆನ್ನಾಗಿತ್ತು. ನಾನು ಬೈಸಿಕೊಳ್ಳಲು ತಯಾರಾಗಿಯೇ ಕೂತಿದ್ದೆ. ಅವಳು ಮೇಜನ್ನು ಹಿಡಿದು ಎದ್ದು, ಮಧ್ಯಾಹ್ನದ ಊಟಕ್ಕೆ ಕುರಿ ಮಾಂಸ ಕುದಿಯುತ್ತಿದ್ದ ಅಡಿಗೆಮನೆಗೆ ಹೋದಳು.

ನಾವು ನಾಲ್ವರೂ ಕೂತಲ್ಲೇ ಕೂತಿದ್ದೆವು. ಯಾರೂ ಕೇಕು ಮುಟ್ಟಲಿಲ್ಲ. ಒಳಗೆ ಪಾತ್ರೆಯ ಮುಚ್ಚಳ ತೆಗೆದ ಸದ್ದು ಬಂತು. ಸೌಟು ತಿರುವಿದ ಸದ್ದು ಬಂತು. ಆಮೇಲೆ ಒಂದು ಡಬ್ಬಿ ತೆರೆದ ಸದ್ದು. ಪರರ ಅಡಿಗೆಮನೆ, ಗುರುತಿಲ್ಲದ ಡಬ್ಬಿಗಳು. ನಾನು ಅಭ್ಯಾಸಬಲದಿಂದ ಬಾಗಿಲ ಕಡೆ ತಿರುಗಿ, ಉಪ್ಪೇ ಅದ ಹಾಕು ಎನ್ನಲು ಬಾಯಿ ತೆರೆದೆ.

ಅವ್ವ ಬಾಗಿಲಿಗೆ ಬರಲಿಲ್ಲ. ಡಬ್ಬಿ ಮುಚ್ಚಿದ ಸದ್ದು ಕೇಳಿತು, ಸೌಟು ಮತ್ತೆ ತಿರುಗಿತು. "ತಿನ್ರಿ, ಒಣಗಿ ಹೋಗ್ತದ," ಎಂದಳು ಒಳಗಿನಿಂದಲೇ. ನಾನು ಆ ಮೊದಲ ತುಂಡನ್ನು ಎತ್ತಿಕೊಂಡು ಅಡಿಗೆಮನೆಗೆ ಹೋದೆ. ಅವಳು ತಿರುಗಿ ನೋಡದೆ, ಬೇಡ ಎಂದು ಕೈ ಆಡಿಸಿದಳು.